ಹೊತ್ತಿಗೆ ಮುಂಚಿನ ಕಾವು

ಲೇಸರ್ ಬಳಸಿ ಪರಮಾಣು ಬೀಜಗಳನ್ನು ಬೆಸೆಯುವ ಲೇಸರ್ ಸಮ್ಮಿಲನದಲ್ಲಿ ಇಂಧನವನ್ನು ಮೊದಲು ಒತ್ತಬೇಕು, ಆಮೇಲೆ ಕಾಯಿಸಬೇಕು. ಈ ಕ್ರಮ ತಪ್ಪಿ, ಒತ್ತುವ ಕೆಲಸ ಮುಗಿಯುವ ಮುಂಚೆಯೇ ಇಂಧನ ಬಿಸಿಯಾಗಿಬಿಟ್ಟರೆ ಪ್ರಯೋಗ ಕೆಟ್ಟಂತೆಯೇ. ಪ್ರಯೋಗಶಾಲೆಗಳ ಮಾತಿನಲ್ಲಿ ಇದು ಪ್ರೀಹೀಟ್. ಕನ್ನಡದಲ್ಲಿ ಮುಂಗಾವು ಎನ್ನಬಹುದು. ಕಳೆದ ಐವತ್ತು ವರ್ಷಗಳಲ್ಲಿ ಲೇಸರಿನ ಬಣ್ಣ ಬದಲಾಯಿತು, ಇಂಧನ ತುಂಬಿದ ಗುರಿಯುಂಡೆಯ ತೊಗಟೆ ಬದಲಾಯಿತು, ಕೋಟ್ಯಂತರ ಡಾಲರಿನ ಯಂತ್ರಗಳು ಮೂಲೆಗೆ ಸೇರಿದವು. ಬಹುಪಾಲು ಇದಕ್ಕೆಲ್ಲ ಕಾರಣ ಈ ಮುಂಗಾವೇ.

ಇಂಧನವೆಂದರೆ ಜಲಜನಕದ ಎರಡು ಭಾರದ ರೂಪಗಳು, ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಇವುಗಳ ಬೀಜಗಳು ಬೆಸೆದುಕೊಳ್ಳಬೇಕಾದರೆ ತಾಪ ಐದು ಕೋಟಿ ಡಿಗ್ರಿ ಮೀರಬೇಕು. ಅಷ್ಟು ಕಾದ ವಸ್ತು ಕ್ಷಣವೂ ನಿಲ್ಲದೆ ಚದುರಿ ಹೋಗುತ್ತದೆ. ಚದುರುವ ಮೊದಲೇ ಉರಿದು ಮುಗಿಯಬೇಕಾದರೆ ಅದು ಅತಿ ದಟ್ಟವಾಗಿರಬೇಕು. ಎಷ್ಟು ದಟ್ಟ? ದ್ರವಸ್ಥಿತಿಯ ಇಂಧನದ ಸುಮಾರು ಸಾವಿರ ಪಟ್ಟು, ಎಂದರೆ ಸೀಸಕ್ಕಿಂತಲೂ ಹತ್ತಿಪ್ಪತ್ತು ಪಟ್ಟು ಹೆಚ್ಚು. ತಣ್ಣಗಿರುವ ಇಂಧನವನ್ನು ಇಷ್ಟು ಒತ್ತಲು ತಗಲುವ ಶಕ್ತಿ, ಅದನ್ನೇ ಉರಿಯುವ ಮಟ್ಟಕ್ಕೆ ಕಾಯಿಸಲು ತಗಲುವ ಶಕ್ತಿಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಎಲ್ಲವನ್ನೂ ಕಾಯಿಸುವ ಗೋಜು ಬೇಡ. ಎಲ್ಲವನ್ನೂ ತಣ್ಣಗೆ ಒತ್ತಿ, ನಡುವಿನ ಒಂದು ಚುಕ್ಕೆಯನ್ನು ಮಾತ್ರ ಕಿಡಿಯಂತೆ ಹೊತ್ತಿಸಿದರೆ ಉಳಿದದ್ದು ತಾನೇ ಉರಿಯುತ್ತದೆ. ಇಡೀ ವಿದ್ಯೆ ನಿಂತಿರುವುದು ಈ ಉಳಿತಾಯದ ಮೇಲೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದವರಿಗೆ ಗೊತ್ತು: ಒಳಗಿನ ಗಾಳಿ ಬಿಸಿಯಾದಷ್ಟೂ ಹಿಡಿಕೆ ತಿರುಗಿ ಮೇಲಕ್ಕೆ ನೂಕುತ್ತದೆ. ಇಂಧನ ಮುಂಚೆಯೇ ಕಾದಿದ್ದರೆ ಅದೇ ದಟ್ಟಣೆಗೆ ಎರಡು ಪಟ್ಟು, ಮೂರು ಪಟ್ಟು ಒತ್ತಡ ಬೇಕಾಗುತ್ತದೆ; ಉಳಿತಾಯ ಅಲ್ಲಿಗೆ ಮಂಗಮಾಯ.

ಕೊಳ್ಳೇಗಾಲ, ಹನೂರು, ಬಂಡಳ್ಳಿಯ ಕಡೆ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಗುರಿಯ ಚಿತ್ರ ಸಲೀಸಾಗಿ ಕಣ್ಣಿಗೆ ಕಟ್ಟುತ್ತದೆ. ಎರಡೂ ತುದಿ ಕತ್ತರಿಸಿದ ಗೂಡಿನಂಥ ಒಂದು ಚಿನ್ನದ ಕೊಳವೆ. ಉದ್ದ ಒಂದು ಸೆಂಟಿಮೀಟರ್, ಗೂಡಿನ ಮೂರನೇ ಒಂದು ಪಾಲು. ಒಳಗೆ ಹುಳುವಿರಬೇಕಾದ ಜಾಗದಲ್ಲಿ ಸಾಸಿವೆ ಕಾಳಿನಂಥ, ಎರಡು ಮಿಲಿಮೀಟರ್ ಅಡ್ಡಳತೆಯ ಟೊಳ್ಳು ಉಂಡೆ. ಉಂಡೆಯ ಒಳಮೈಗೆ ಅಂಟಿದಂತೆ ಸುಮಾರು 70 ಮೈಕ್ರಾನ್ ದಪ್ಪದ, ಎಂದರೆ ಒಂದು ಕೂದಲೆಳೆಯಷ್ಟು ದಪ್ಪದ ಇಂಧನದ ಮಂಜುಗಡ್ಡೆ. ಅದರ ತಾಪ ಸೊನ್ನೆಗಿಂತ ಸುಮಾರು 255 ಡಿಗ್ರಿ ಸೆಲ್ಸಿಯಸ್ ಕೆಳಗೆ. ಲೇಸರ್ ಕಿರಣಗಳು ಕೊಳವೆಯ ಎರಡೂ ಬಾಯಿಂದ ಹೊಕ್ಕು ಚಿನ್ನದ ಗೋಡೆಗೆ ಬಡಿಯುತ್ತವೆ. ಚಿನ್ನ ಎಕ್ಸ್ ಕಿರಣ ಉಗುಳುತ್ತದೆ. ಆ ಕಿರಣದ ಉರಿಗೆ ಉಂಡೆಯ ಹೊರತೊಗಟೆ ಆವಿಯಾಗಿ ಹೊರಕ್ಕೆ ಚಿಮ್ಮಿದಾಗ, ಉಳಿದ ಭಾಗ ರಾಕೆಟ್ಟಿನಂತೆ ಒಳಕ್ಕೆ ನುಗ್ಗುತ್ತದೆ. ಆ ನುಗ್ಗುವಿಕೆಯ ವೇಗ ಸೆಕೆಂಡಿಗೆ 350 ಕಿಲೊಮೀಟರ್ ಮೀರುತ್ತದೆ, ಬಂಡಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರುವ ದಾರಿ ಒಂದೇ ಸೆಕೆಂಡಿನಲ್ಲಿ ಸವೆಯುವಷ್ಟು. ಕೊಳವೆಯಿಲ್ಲದೆ ನೇರ ಉಂಡೆಯ ಮೇಲೇ ಬೆಳಕು ಬೀರುವ ಪದ್ಧತಿಯೂ ಉಂಟು. ರೇಷ್ಮೆಗೂಡನ್ನು ಚಿಟ್ಟೆ ಕೊರೆದು ಹೊರಬರುವ ಮುಂಚೆ ಬಿಸಿಲಿಗೋ ಹಬೆಗೋ ಹಿಡಿಯದಿದ್ದರೆ ನೂಲು ಕೆಡುತ್ತದೆ. ಚಿನ್ನದ ಗೂಡಿನ ಲೆಕ್ಕ ತಿರುಗುಮುರುಗು: ಮುಂಚೆ ಬಿಸಿ ತಾಕಿದರೇ ಕೆಟ್ಟಿತು.

ಬೈಜಿಕ ಸಮ್ಮಿಲನದ ಬಗ್ಗೆ ಮೊದಲ ಭರವಸೆಗಳು ಲೇಸರಿಗಿಂತ ಹಳೆಯವು. 1955ರಲ್ಲಿ ಜಿನೀವಾದ ಪರಮಾಣು ಸಮ್ಮೇಳನದ ಅಧ್ಯಕ್ಷ ಪೀಠದಿಂದ ಹೋಮಿ ಭಾಭಾ, ಎರಡು ದಶಕದೊಳಗೆ ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿ ಪಡೆಯುವ ದಾರಿ ಸಿಗುತ್ತದೆ ಎಂದಿದ್ದರು. 1960ರ ಮೇ 16ರಂದು ಅಮೆರಿಕದಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಸೋವಿಯತ್ ಒಕ್ಕೂಟದಲ್ಲಿ ನಿಕೊಲಾಯ್ ಬಾಸೊವ್ ಮತ್ತು ಒಲೆಗ್ ಕ್ರೊಖಿನ್ ಲೇಸರಿನಿಂದ ಇಂಧನವನ್ನು ಕಾಯಿಸುವ ಯೋಚನೆ ಮುಂದಿಟ್ಟರು. 1968ರಲ್ಲಿ ಬಾಸೊವ್ ತಂಡಕ್ಕೆ ಲೇಸರ್ ಬಡಿದ ಲಿಥಿಯಂ ಡ್ಯೂಟರೈಡಿನಿಂದ ಸಮ್ಮಿಲನದ ಗುರುತಾದ ಒಂದಿಷ್ಟು ನ್ಯೂಟ್ರಾನುಗಳೂ ಸಿಕ್ಕವು. ಆಗಿನ ಬಹಿರಂಗ ಚರ್ಚೆಯಲ್ಲಿ ಕಾಯಿಸುವುದೇ ದೊಡ್ಡ ಮಾತು. ಒತ್ತಬೇಕು, ಅದೂ ತಣ್ಣಗಿರುವಾಗಲೇ ಒತ್ತಬೇಕು ಎಂಬುದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಶಾಲೆಯ ಜಾನ್ ನಕೊಲ್ಸ್ ತಲೆಯಲ್ಲಿ ಆಗಲೇ ಇತ್ತು, ಆದರೆ ಅದು ಗುಟ್ಟಿನ ಕಡತದೊಳಗೆ. ಬಾಂಬಿನ ವಿದ್ಯೆಗೂ ಇದಕ್ಕೂ ನಂಟು ಹತ್ತಿರದ್ದು. ಗುಟ್ಟು ಬಹುಮಟ್ಟಿಗೆ ಬಯಲಾದದ್ದು 1972ರ ಸೆಪ್ಟೆಂಬರಿನಲ್ಲಿ, ನಕೊಲ್ಸ್ ಮತ್ತು ಮೂವರು ಸಂಗಡಿಗರ ಪ್ರಬಂಧ 'ನೇಚರ್' ಪತ್ರಿಕೆಯಲ್ಲಿ ಬಂದಾಗ. ಬೆಳಕಿನ ಮಿಡಿತವನ್ನು ಮೊದಲು ಮೆಲ್ಲಗೆ, ಬರಬರುತ್ತ ಬಿರುಸಾಗಿ ಏರಿಸಿದರೆ ಇಂಧನ ಕಾಯದೆ ಕುಗ್ಗುತ್ತದೆ ಎಂದು ಆ ಪ್ರಬಂಧ ತೋರಿಸಿತು. ಬೇಕಾಗುವ ಲೇಸರ್ ಶಕ್ತಿಯನ್ನು ಮಾತ್ರ ತೀರ ಕಡಿಮೆ, ಕಿಲೊಜೂಲುಗಳಲ್ಲಿ ಅಂದಾಜು ಮಾಡಿತ್ತು. ಕೊನೆಗೆ ಕೆಲಸವಾದದ್ದು ಅದರ ಸಾವಿರಾರು ಪಟ್ಟು ಶಕ್ತಿಯಿಂದ.

ಲೇಸರ್ ಒತ್ತಿದ ಉಂಡೆಯಿಂದ ಮೊದಲ ನ್ಯೂಟ್ರಾನುಗಳನ್ನು ಕಂಡದ್ದು ಸರ್ಕಾರಿ ಪ್ರಯೋಗಶಾಲೆಯಲ್ಲ, ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನ ಕೆಎಂಎಸ್ ಫ್ಯೂಷನ್ ಎಂಬ ಖಾಸಗಿ ಕಂಪನಿ, 1974ರ ಮೇ ತಿಂಗಳಲ್ಲಿ. ಅದನ್ನು ಕಟ್ಟಿದ ಕೀವ್ ಸೀಗಲ್ ಮರುವರ್ಷ ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ಹೇಳಿಕೆ ಕೊಡುತ್ತಿರುವಾಗಲೇ ಪಾರ್ಶ್ವವಾಯು ಬಡಿದು ತೀರಿಕೊಂಡರು.

ಆ ದಶಕದ ಬಹುತೇಕ ಗೆಲುವುಗಳ ಹಿಂದೆ ಒಂದು ವಿಚಿತ್ರವಿದೆ. ಆಗಿನ ಗುರಿಗಳು ತೆಳುಗಾಜಿನ ಗುಳ್ಳೆಗಳು: ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಗೋಡೆಯ ದಪ್ಪ ಒಂದು ಮೈಕ್ರಾನಿನ ಆಸುಪಾಸು. ಲೇಸರ್ ಬಡಿದ ಕೂಡಲೆ ಮೇಲ್ಮೈಯಲ್ಲಿ ಹುಟ್ಟಿದ ಬಿರುಸು ಎಲೆಕ್ಟ್ರಾನುಗಳು ಗಾಜನ್ನು ಒಳಹೊರಗೆ ಒಟ್ಟಿಗೆ ಕಾಯಿಸುತ್ತಿದ್ದವು. ಗಾಜು ಒಡೆದು ಅರ್ಧ ಹೊರಕ್ಕೆ, ಅರ್ಧ ಒಳಕ್ಕೆ ಸಿಡಿಯುತ್ತಿತ್ತು. ಒಳಕ್ಕೆ ಸಿಡಿದದ್ದು ಇಂಧನವನ್ನು ತಳ್ಳಿ ಕಾಯಿಸುತ್ತಿತ್ತು. ನ್ಯೂಟ್ರಾನು ಧಾರಾಳವಾಗಿ ಬರುತ್ತಿತ್ತು, ಎಣಿಸುವವರಿಗೆ ಸಂತೋಷವೂ ಆಗುತ್ತಿತ್ತು. ಆದರೆ ಇಂಧನ ಬೇಕಾದಷ್ಟು ದಟ್ಟವಾಗುತ್ತಿರಲಿಲ್ಲ. ಆ ಗೆಲುವು ಮುಂಗಾವಿನ ಕೃಪೆ ಎಂದೇ ಹೇಳಬೇಕು. ಅದೇ ದಾರಿಯಲ್ಲಿ ಮುಂದೆ ಹೋಗಲು ಬರುವಂತಿರಲಿಲ್ಲ.

ಇದು ಖಚಿತವಾದದ್ದು ಲಿವರ್‌ಮೋರಿನ ಶಿವ ಲೇಸರಿನಿಂದ. 1977ರಲ್ಲಿ ಸಿದ್ಧವಾದ ಆ ಯಂತ್ರಕ್ಕೆ ಇಪ್ಪತ್ತು ಕಿರಣ, ಸುಮಾರು ಹತ್ತು ಕಿಲೊಜೂಲು ಶಕ್ತಿ. ಹಲವು ಕೈಗಳ ದೇವರು ಎಂಬ ಎಣಿಕೆಯಲ್ಲಿ ಇಟ್ಟ ಹೆಸರದು. ಮಾದಪ್ಪನ ಬೆಟ್ಟದ ಸೀಮೆಯವರನ್ನು ಕೇಳಿದ್ದರೆ ಕೈಗಿಂತ ಹಣೆಗಣ್ಣೇ ಅದಕ್ಕೆ ಹೊಂದುತ್ತದೆ ಎನ್ನುತ್ತಿದ್ದರೇನೋ. ಶಿವನ ಬೆಳಕು ಕಣ್ಣಿಗೆ ಕಾಣದ ಅವಕೆಂಪು, ತರಂಗಾಂತರ ಸುಮಾರು 1,060 ನ್ಯಾನೊಮೀಟರ್. ಇಂಧನವನ್ನು ದ್ರವದ 50ರಿಂದ 100 ಪಟ್ಟು ದಟ್ಟಣೆಗೆ ಒತ್ತುವ ಮಟ್ಟಿಗೆ ಅದು ಗೆದ್ದಿತು. ಅದರಾಚೆಗೆ ದಾಟಲಿಲ್ಲ. ಗುರಿಯಿಂದ ಹೊಮ್ಮುತ್ತಿದ್ದ ಗಡಸು ಎಕ್ಸ್ ಕಿರಣಗಳನ್ನು ಅಳೆದಾಗ ಕಳ್ಳ ಸಿಕ್ಕಿಬಿದ್ದ: ಲೇಸರಿನ ಶಕ್ತಿಯಲ್ಲಿ ಒಂದು ದೊಡ್ಡ ಪಾಲು ಬಿಸಿ ಎಲೆಕ್ಟ್ರಾನುಗಳಿಗೆ, ಎಂದರೆ ಅದೇ ಬಿರುಸು ಎಲೆಕ್ಟ್ರಾನುಗಳಿಗೆ, ಸೋರಿಹೋಗುತ್ತಿತ್ತು.

ಈ ಸೋರಿಕೆಗೆ ಹಲವು ದಾರಿಗಳಿವೆ. ಅವುಗಳಲ್ಲಿ ಮುಖ್ಯವಾದ ಒಂದಕ್ಕೆ ಅಂಟಿರುವ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಕಂಡ ಪರಿಣಾಮದಲ್ಲಿ ಬೆಳಕು ಅಣುವಿಗೆ ತಗುಲಿ, ತನ್ನ ಶಕ್ತಿಯ ಒಂದು ಪಾಲನ್ನು ಅದರ ಕಂಪನಕ್ಕೆ ಕೊಟ್ಟು, ತಾನು ಇನ್ನಷ್ಟು ಕೆಂಪಾಗಿ ಚೆದುರುತ್ತದೆ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಸ್ಥೆ ತೆರೆದರು. 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ಅವರು ಕಂಡದ್ದು ಮೆಲುವಾದ, ಕಷ್ಟಪಟ್ಟು ಹುಡುಕಬೇಕಾದ ಬೆಳಕು. ಲೇಸರ್ ಬಂದ ಮೇಲೆ, 1962ರಲ್ಲಿ, ಅದೇ ಪರಿಣಾಮ ಬಿರುಸಾಗಿ ತನ್ನನ್ನು ತಾನೇ ಬೆಳೆಸಿಕೊಳ್ಳುವ ರೂಪವೂ ಇದೆಯೆಂದು ಅಮೆರಿಕದ ಹ್ಯೂಸ್ ಕಂಪನಿಯ ವುಡ್‌ಬರಿ ಮತ್ತು ಎನ್ಜಿ ಕಂಡುಕೊಂಡರು. ಇದು ಪ್ರಚೋದಿತ ರಾಮನ್ ಚದುರಿಕೆ.

ಗುರಿಯ ಸುತ್ತ ಲೇಸರಿಗೆ ಎದುರಾಗುವುದು ಅಣುವಲ್ಲ, ಆವಿಯಾದ ತೊಗಟೆಯ ಪ್ಲಾಸ್ಮಾ, ಎಂದರೆ ಎಲೆಕ್ಟ್ರಾನುಗಳು ಕಳಚಿಕೊಂಡ ಬಿಸಿ ಅನಿಲ. ಅಲ್ಲಿ ಅಣುವಿನ ಕಂಪನದ ಬದಲು ಎಲೆಕ್ಟ್ರಾನುಗಳ ಅಲೆಯಿದೆ. ಬೆಳಕು ತನ್ನ ಶಕ್ತಿಯನ್ನು ಆ ಅಲೆಗೆ ಕೊಡುತ್ತದೆ; ಅಲೆ ಬೆಳೆಯುತ್ತದೆ; ಬೆಳೆದ ಅಲೆ ಇನ್ನಷ್ಟು ಬೆಳಕನ್ನು ಚೆದುರಿಸಿ ಇನ್ನೂ ಬೆಳೆಯುತ್ತದೆ. ಕೊನೆಗೆ ಅಲೆಯ ಇಳಿಜಾರಿಗೆ ಸಿಕ್ಕ ಕೆಲವು ಎಲೆಕ್ಟ್ರಾನುಗಳು ತೆರೆಯ ಮೇಲೆ ಜಾರುವ ಹರಿಗೋಲಿನಂತೆ ಅದರೊಂದಿಗೇ ಓಡಿ, ಸುತ್ತಲಿನವುಗಳಿಗಿಂತ ಹತ್ತಾರು ಪಟ್ಟು ಶಕ್ತಿ ಗಳಿಸುತ್ತವೆ. ಅವುಗಳ ವೇಗ ಬೆಳಕಿನ ವೇಗದ ಮೂರನೇ ಒಂದು ಪಾಲಿನಷ್ಟು. ತೊಗಟೆ ಒಳಕ್ಕೆ ಕುಸಿಯಲು ನ್ಯಾನೊಸೆಕೆಂಡುಗಳೇ ಬೇಕು. ಈ ಎಲೆಕ್ಟ್ರಾನುಗಳು ಅದರ ಸಾವಿರದಲ್ಲೊಂದು ಪಾಲು ಹೊತ್ತಿನಲ್ಲಿ ತೊಗಟೆಯನ್ನು ತೂರಿ ಇಂಧನ ಸೇರಿ ಬಿಸಿ ಹಂಚಿಬಿಡುತ್ತವೆ. ನೇರ ಬೆಳಕಿನ ಪದ್ಧತಿಯಲ್ಲಿ ಲೇಸರ್ ಶಕ್ತಿಯ ಸಾವಿರದಲ್ಲಿ ಒಂದು ಪಾಲು ಹೀಗೆ ತಣ್ಣನೆಯ ಇಂಧನಕ್ಕೆ ಸೇರಿದರೂ ಸಾಕು, ದಟ್ಟಣೆ ಕುಸಿಯುತ್ತದೆ. ಪ್ಲಾಸ್ಮಾದಲ್ಲಿ ಇಂಥ ಅಸ್ಥಿರತೆಗಳು ಹೇಗೆ ಬೆಳೆಯುತ್ತವೆಂಬ ಗಣಿತವನ್ನು ಕಟ್ಟಿಕೊಟ್ಟ 1974ರ ಹೆಸರಾಂತ ಪ್ರಬಂಧದ ಲೇಖಕರಲ್ಲಿ ಒಬ್ಬರು ಪ್ರೆಧಿಮನ್ ಕಾವ್, ಮುಂದೆ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದವರು. ಅವರ ಹೆಸರಿನ ಕಾವಿಗೂ ಇಲ್ಲಿನ ಕಾವಿಗೂ ನಂಟಿಲ್ಲ.

ಮದ್ದು ಸಿಕ್ಕಿದ್ದು ಬೆಳಕಿನ ಬಣ್ಣದಲ್ಲಿ. ಪ್ಲಾಸ್ಮಾದೊಳಗೆ ಬೆಳಕು ಒಂದು ಎಲ್ಲೆಯ ದಟ್ಟಣೆಯವರೆಗೆ ಮಾತ್ರ ಹೋಗಬಲ್ಲದು, ಆಮೇಲೆ ಹಿಂದಿರುಗುತ್ತದೆ. ತರಂಗಾಂತರ ಮೂರನೇ ಒಂದಕ್ಕೆ ಇಳಿದರೆ ಈ ಎಲ್ಲೆ ಒಂಬತ್ತು ಪಟ್ಟು ಏರುತ್ತದೆ. ದಟ್ಟ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಪದೇ ಪದೇ ಡಿಕ್ಕಿ ಹೊಡೆಯುವುದರಿಂದ ಬೆಳಕು ನೆಟ್ಟಗೆ ಹೀರಲ್ಪಡುತ್ತದೆ, ಅಲೆಗಳಿಗೆ ಬೆಳೆಯಲು ಪುರುಸೊತ್ತು ಸಿಗುವುದಿಲ್ಲ. ಉದ್ದ ತರಂಗಾಂತರವಾದರೆ ಇದರ ಉಲ್ಟಾ. ಅದರ ಏಟು ಬಿದ್ದದ್ದು ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಶಾಲೆಗೆ. ಅಲ್ಲಿಯವರು ಕಾರ್ಬನ್ ಡೈಆಕ್ಸೈಡ್ ಲೇಸರನ್ನು ನಂಬಿದ್ದರು: ವಿದ್ಯುತ್ತನ್ನು ಬೆಳಕಾಗಿಸುವುದರಲ್ಲಿ ಅದು ಶಿವನಂಥ ಗಾಜಿನ ಲೇಸರಿಗಿಂತ ಎಷ್ಟೋ ಮಿಗಿಲು, ಆದರೆ ತರಂಗಾಂತರ ಹತ್ತು ಪಟ್ಟು ಉದ್ದ. ಹೀಲಿಯೊಸ್ ಎಂಬ ಯಂತ್ರ ಆದ ಮೇಲೆ 1983ರಲ್ಲಿ ಆಂಟಾರಿಸ್ ಎಂಬ ದೈತ್ಯ ಯಂತ್ರ ಎದ್ದು ನಿಂತಿತು. ಎರಡೇ ವರ್ಷದಲ್ಲಿ ಅದಕ್ಕೆ ಬೀಗ ಬಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ, ಅದರ ಬೆಳಕು ಕೊಟ್ಟದ್ದರಲ್ಲಿ ಬಹುಪಾಲು ಬಿಸಿ ಎಲೆಕ್ಟ್ರಾನುಗಳ ಪಾಲಾಗುತ್ತಿತ್ತು, ಅಷ್ಟೆ.

ಗಾಜಿನ ಲೇಸರ್ ಮಾತ್ರ ಬಣ್ಣ ಬದಲಿಸಿ ಬದುಕಿಕೊಂಡಿತು. 1980ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಶಾಲೆ ಎರಡು ಹರಳುಗಳ ಉಪಾಯ ತೋರಿಸಿತು. ಮೊದಲ ಹರಳು ಅವಕೆಂಪು ಬೆಳಕಿನ ಒಂದು ಪಾಲನ್ನು ಹಸಿರಾಗಿಸುತ್ತದೆ. ಎರಡನೆಯದು ಆ ಹಸಿರನ್ನು ಉಳಿದ ಅವಕೆಂಪಿನೊಂದಿಗೆ ಬೆರೆಸಿ 351 ನ್ಯಾನೊಮೀಟರಿನ ನೇರಳಾತೀತ ಬೆಳಕು ಕೊಡುತ್ತದೆ. ಹರಳು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಒಂದು ಬಗೆಯ ಉಪ್ಪು. ಕಲ್ಲುಸಕ್ಕರೆ ಕಟ್ಟುವ ಹಾಗೆಯೇ ದ್ರಾವಣದ ತೊಟ್ಟಿಯಲ್ಲಿ ಒಂದು ಬಿತ್ತುಹರಳನ್ನು ಇಟ್ಟು ಬೆಳೆಸುತ್ತಾರೆ. ದೊಡ್ಡ ಹರಳಿಗೆ ಹಳೆಯ ವಿಧಾನದಲ್ಲಿ ಎರಡು ವರ್ಷ ಹಿಡಿಯುತ್ತಿತ್ತು. 1990ರ ದಶಕದಲ್ಲಿ ಅದು ಎರಡು ತಿಂಗಳಿಗೆ ಇಳಿಯಿತು, ಒಂದೊಂದು ಹರಳು 300 ಕಿಲೊ ತೂಗುವಷ್ಟಾಯಿತು. ಅದನ್ನು ಹಲಗೆಗಳಾಗಿ ಕೊಯ್ದು ಕಿರಣದ ದಾರಿಗೆ ಅಡ್ಡ ನಿಲ್ಲಿಸುತ್ತಾರೆ.

ಲಿವರ್‌ಮೋರಿನಲ್ಲಿ ಶಿವನ ನಂತರದ ನೋವಾ ಯಂತ್ರದ ನಕ್ಷೆಯೇ ಇದರಿಂದ ಬದಲಾಯಿತು. ಇಪ್ಪತ್ತು ಕಿರಣಗಳ ಯೋಜನೆ ಹತ್ತಕ್ಕೆ ಇಳಿಯಿತು, ಹರಳುಗಳು ಸೇರಿದವು, 1984ರ ಕೊನೆಗೆ ನೋವಾ ಹೊತ್ತಿಕೊಂಡಿತು. ಕಿರಣ ಅರ್ಧಕ್ಕೆ ಇಳಿದರೂ ಬಣ್ಣ ಸರಿಯಾಗಿರಲಿ ಎಂಬ ಆ ತೀರ್ಮಾನವೇ ಈ ಕ್ಷೇತ್ರದ ಅತ್ಯಂತ ವಿವೇಕದ ತೀರ್ಮಾನವಾಗಿರಬಹುದು. ಜಪಾನಿನ ಒಸಾಕಾದಲ್ಲಿ ಹನ್ನೆರಡು ಕಿರಣಗಳ ಗೆಕ್ಕೊ ಲೇಸರ್ ಹಸಿರು ಬೆಳಕಿನಿಂದ ಪ್ಲಾಸ್ಟಿಕ್ ಉಂಡೆಗಳನ್ನು ಒತ್ತಿ 600 ಪಟ್ಟು ದಟ್ಟಣೆ ಮುಟ್ಟಿದ್ದು 1990ರ ಆಸುಪಾಸಿನಲ್ಲಿ. ಕಿರಣದೊಳಗಿನ ಏರುಪೇರುಗಳನ್ನು ಸವರಿ ಸಮಮಾಡುವ ಕೆಲವು ಉಪಾಯಗಳೂ ಒಸಾಕಾ ಮತ್ತು ರಾಚೆಸ್ಟರಿನಿಂದ ಬಂದವು. ಅವು ಬೇಕಿದ್ದವು, ಏಕೆಂದರೆ ರಾಮನ್ ಚದುರಿಕೆ ಮೊದಲು ತಲೆಯೆತ್ತುವುದು ಕಿರಣ ಹೆಚ್ಚು ಪ್ರಖರವಾಗಿರುವ ಚುಕ್ಕೆಗಳಲ್ಲಿ.

ಭಾರತದಲ್ಲಿ ಇಷ್ಟು ದೊಡ್ಡ ಯಂತ್ರ ಎದ್ದಿಲ್ಲ, ಆದರೆ ಬಿಸಿ ಎಲೆಕ್ಟ್ರಾನುಗಳ ಅಧ್ಯಯನ ಇಲ್ಲಿಯೂ ಹಳೆಯದೇ. ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1984ರ ಫೆಬ್ರವರಿ 19ರಂದು, ಲೇಸರ್ ಮತ್ತು ವೇಗವರ್ಧಕಗಳಿಗೆಂದೇ ಇಂದೋರಿನಲ್ಲಿ ಒಂದು ಕೇಂದ್ರಕ್ಕೆ ಅಡಿಗಲ್ಲು ಬಿತ್ತು. 2005ರಿಂದ ಅದು ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ. ಅಲ್ಲಿ ನಡೆದಿರುವ ಒಂದು ಬಗೆಯ ಪ್ರಯೋಗ ಈ ಕಥೆಗೆ ತಿರುವು ಕೊಡುವಂಥದು: ಪ್ಲಾಸ್ಮಾ ಅಲೆಯ ಮೇಲೆ ಎಲೆಕ್ಟ್ರಾನನ್ನು ಬೇಕೆಂದೇ ಜಾರಿಸಿ, ಕೆಲವೇ ಮಿಲಿಮೀಟರಿನೊಳಗೆ ಭಾರಿ ವೇಗ ಕೊಡುವುದು. ಸಮ್ಮಿಲನದವರಿಗೆ ಪೀಡೆಯಾದದ್ದು ವೇಗವರ್ಧಕದವರಿಗೆ ಬಂಡವಾಳ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ತೀವ್ರ ಲೇಸರ್ ಹುಟ್ಟಿಸುವ ಬಿಸಿ ಎಲೆಕ್ಟ್ರಾನುಗಳ ಓಟದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಪೀಡೆಯನ್ನೇ ಕೆಲಸಕ್ಕೆ ಹಚ್ಚುವ ಯೋಚನೆ ಸಮ್ಮಿಲನದವರಿಗೂ ಬಂದದ್ದುಂಟು. 1994ರಲ್ಲಿ ಲಿವರ್‌ಮೋರಿನ ಮ್ಯಾಕ್ಸ್ ಟಬಕ್ ಮತ್ತು ಸಂಗಡಿಗರು, ಇಂಧನವನ್ನು ಮೊದಲು ತಣ್ಣಗೆ ಒತ್ತಿ ಮುಗಿಸಿ, ಆಮೇಲೆ ಇನ್ನೊಂದು ಚುಟುಕು ಲೇಸರಿನಿಂದ ಬಿಸಿ ಎಲೆಕ್ಟ್ರಾನುಗಳನ್ನು ಹುಟ್ಟಿಸಿ ಬೆಂಕಿಕಡ್ಡಿ ಗೀರಿದಂತೆ ಹೊತ್ತಿಸಬಹುದೆಂದರು. 2001ರಲ್ಲಿ ಒಸಾಕಾದವರು ಉಂಡೆಗೆ ಚಿನ್ನದ ಶಂಕುವೊಂದನ್ನು ಚುಚ್ಚಿ ಅದರ ಮೂಲಕ ಇದನ್ನು ಪರೀಕ್ಷಿಸಿದರು. ಅದೇ ಎಲೆಕ್ಟ್ರಾನು, ಅದೇ ಬಿಸಿ. ಹೊತ್ತು ಮಾತ್ರ ಬೇರೆ.

ಲಿವರ್‌ಮೋರಿನ ಈಗಿನ ಯಂತ್ರ, ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ, 2009ರಲ್ಲಿ ಮುಗಿಯಿತು. 192 ನೇರಳಾತೀತ ಕಿರಣ, ಹತ್ತಿರ ಹತ್ತಿರ ಇಪ್ಪತ್ತು ಲಕ್ಷ ಜೂಲು. ಇಷ್ಟಾಗಿಯೂ 2012ರ ಹೊತ್ತಿಗೆ ಮೊದಲ ಅಭಿಯಾನ ಸೋತಿತು. ಸೋಲಿಗೆ ಕಾರಣ ಒಂದಲ್ಲ, ಮುಂಗಾವು ಅವುಗಳಲ್ಲೊಂದು. ಚಿನ್ನದ ಗೋಡೆ ಒಳಕ್ಕೆ ಉಬ್ಬದಿರಲೆಂದು ಕೊಳವೆಯಲ್ಲಿ ಹೀಲಿಯಂ ತುಂಬಿದ್ದರು. ಆ ಅನಿಲದಲ್ಲೇ ರಾಮನ್ ಚದುರಿಕೆ ಬೆಳೆಯಿತು. ಮುಂದೆ ಅನಿಲವನ್ನು ತೆಳುಮಾಡಿದರು. ಚಿನ್ನದಿಂದಲೇ ಹೊರಡುವ ಗಡಸು ಎಕ್ಸ್ ಕಿರಣ ಇನ್ನೊಂದು ಕಾಟ. ಅದಕ್ಕೆ ತಡೆಯಾಗಿ ತೊಗಟೆಯಲ್ಲಿ ಮೊದಲು ಸಿಲಿಕಾನ್ ಬೆರೆಸುತ್ತಿದ್ದರು, ಆಮೇಲೆ ತೊಗಟೆಯೇ ವಜ್ರವಾದಾಗ ಅದರ ಒಂದು ಪದರದಲ್ಲಿ ಚೂರು ಟಂಗ್‌ಸ್ಟನ್. ಮಿಡಿತದ ಆರಂಭದ ಆಘಾತ ತರಂಗಗಳು ಒಂದರ ಹಿಂದೊಂದು ಬಂದು ಸರಿಯಾದ ಜಾಗದಲ್ಲಿ ಕೂಡಬೇಕು. ಒಂದು ಬೇಗ ಬಂದು ಇನ್ನೊಂದಕ್ಕೆ ಡಿಕ್ಕಿಯಾದರೂ ಇಂಧನ ಕಾಯುತ್ತದೆ. ಅವುಗಳ ಹೊಂದಿಕೆಯನ್ನು ಒಂದು ಸೆಕೆಂಡಿನ ಸಾವಿರದ ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಸರಿಪಡಿಸಬೇಕಾಯಿತು.

ತಮಾಷೆಯೆಂದರೆ, ದಾರಿ ತೆರೆದದ್ದು ಒಂದಿಷ್ಟು ಬಿಸಿಯನ್ನು ತಾವಾಗಿ ಒಪ್ಪಿಕೊಂಡ ಮೇಲೆ. 2013ರ ಸುಮಾರಿಗೆ ಅಲ್ಲಿನ ಓಮರ್ ಹರಿಕೇನ್ ತಂಡ ಮಿಡಿತದ ಮೊದಲ ಹೆಜ್ಜೆಯನ್ನು ಬೇಕೆಂದೇ ಬಿರುಸು ಮಾಡಿತು. ಇಂಧನ ತುಸು ಹೆಚ್ಚು ಕಾಯಿತು, ಒತ್ತುವಿಕೆ ತುಸು ತಗ್ಗಿತು, ಆದರೆ ಉಂಡೆ ಚೂರುಚೂರಾಗದೆ ದುಂಡಗೆ ಕುಸಿಯಿತು. ಎಲೆಕ್ಟ್ರಾನು ಕದ್ದು ತರುವ ಬಿಸಿಗೂ ಲೆಕ್ಕ ಹಾಕಿ ಕೊಟ್ಟ ಬಿಸಿಗೂ ಇರುವ ವ್ಯತ್ಯಾಸ ಅದು. ಕೊನೆಗೆ ಅದೇ ಯಂತ್ರದಲ್ಲಿ 2022ರ ಡಿಸೆಂಬರ್ 5ರಂದು 2.05 ಮೆಗಾಜೂಲು ಲೇಸರ್ ಬೆಳಕಿಗೆ 3.15 ಮೆಗಾಜೂಲು ಸಮ್ಮಿಲನ ಶಕ್ತಿ ಹೊರಬಂತು. ಭಾಭಾ ಹೇಳಿದ್ದ ಗಡುವಿಗಿಂತ ಸುಮಾರು ಐವತ್ತು ವರ್ಷ ತಡ, ಅದೂ ಲೇಸರ್ ಉರಿಸಲು ಗೋಡೆಯಿಂದ ಎಳೆದ ಸುಮಾರು 300 ಮೆಗಾಜೂಲು ವಿದ್ಯುತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ.

ಇದು ವಿದ್ಯುತ್ ಸ್ಥಾವರವಾಗಬೇಕಾದರೆ ಸೆಕೆಂಡಿಗೆ ಹತ್ತರಂತೆ ಉಂಡೆಗಳು ಸಿಡಿಯಬೇಕು. ಒಂದೊಂದನ್ನೂ ಕಂಬಿಗೆ ಅಂಟಿಸಿ ನಿಲ್ಲಿಸಲು ಆಗುವುದಿಲ್ಲ, ಕವಣೆಯ ಕಲ್ಲಿನಂತೆ ಒಲೆಯೊಳಕ್ಕೆ ಎಸೆಯಬೇಕು. ಒಲೆಯ ಗೋಡೆ ಹಿಂದಿನ ಸಿಡಿತಗಳಿಂದ ನೂರಾರು ಡಿಗ್ರಿ ಕಾದಿರುತ್ತದೆ. ಒಳಗೆ ಬಿಸಿ ಅನಿಲ ಉಳಿದಿರುತ್ತದೆ. ಲೇಸರ್ ತಾಕುವುದಕ್ಕೂ ಮುಂಚೆ, ಹಾರುತ್ತಿರುವಾಗಲೇ ಉಂಡೆಗೆ ಕಾವು ತಗಲುತ್ತದೆ. ಒಳಗಿನ ಮಂಜು 19.8 ಕೆಲ್ವಿನ್ನಿಗೆ ಕರಗುತ್ತದೆ. ಉಂಡೆಯನ್ನು ಎಸೆಯುವಾಗ ಅದು ಇರುವುದು ಸುಮಾರು 18ರಲ್ಲಿ.